ಕೈತೋಟದ ಪ್ರಶ್ನೋತ್ತರ: ಬಹುವಾರ್ಷಿಕ ಗಿಡದ ಕಣ್ಣು ಎಲ್ಲಿದೆ?

ಈ ಸಂಚಿಕೆಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಬಹುವಾರ್ಷಿಕ ಗಿಡಗಳನ್ನು ಕುರಿತವು. ಒಬ್ಬೊಬ್ಬರ ತೊಂದರೆ ಒಂದೊಂದು ಬಗೆಯದಾಗಿದ್ದರೂ, ಎಲ್ಲ ಪತ್ರಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಬಹುಪಾಲು ತೊಂದರೆಗಳ ಮೂಲ ಒಂದೇ ಎಂದು ನನಗೆ ಅನ್ನಿಸಿತು: ಗಿಡ ತನ್ನ ಮುಂದಿನ ಚಿಗುರನ್ನು ಎಲ್ಲಿ ಕಾಪಾಡಿಕೊಂಡಿದೆ ಎಂಬುದನ್ನು ನೋಡದೆಯೇ ನಾವು ಕತ್ತರಿಸುತ್ತೇವೆ, ಕೀಳುತ್ತೇವೆ, ನೀರು ಹಾಕುತ್ತೇವೆ. ಆದ್ದರಿಂದ ಬೇರೆ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ಬಾರಿ ಇವುಗಳಿಗೇ ಪೂರ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಬಹುವಾರ್ಷಿಕ ಎಂದರೆ ನಿಖರವಾಗಿ ಏನು? ಮರವೂ ಹಲವು ವರ್ಷ ಬದುಕುತ್ತದೆ, ಸೇವಂತಿಗೆಯೂ ಹಲವು ವರ್ಷ ಬದುಕುತ್ತದೆ. ಆದರೆ ತೋಟಗಾರಿಕೆಯ ಪುಸ್ತಕಗಳಲ್ಲಿ ಬಹುವಾರ್ಷಿಕಗಳ ಪಟ್ಟಿಯಲ್ಲಿ ಮರಗಳು ಕಾಣುವುದಿಲ್ಲ. ಏಕೆ?

ಉತ್ತರ: ಸಸ್ಯವಿಜ್ಞಾನದ ಲೆಕ್ಕದಲ್ಲಿ ನಿಮ್ಮ ಸಂಶಯ ಸರಿಯಾದದ್ದೇ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬದುಕುವ ಸಸ್ಯಗಳೆಲ್ಲವೂ ಬಹುವಾರ್ಷಿಕಗಳೇ. ಆ ಅರ್ಥದಲ್ಲಿ ಮರವೂ ಬಹುವಾರ್ಷಿಕ, ಪೊದೆಯೂ ಬಹುವಾರ್ಷಿಕ, ಕಾಲಡಿಯ ಗರಿಕೆಯೂ ಬಹುವಾರ್ಷಿಕ. ತೋಟಗಾರರು ಮಾತ್ರ ಈ ಪದವನ್ನು ಬಳಸುವಾಗ, ಕಾಂಡ ಬಲಿತು ಮರವಾಗದೆ ಹಸಿರಾಗಿ ಮೆತ್ತಗೆ ಉಳಿಯುವ ಗಿಡಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಈ ಭೇದ ಹಳೆಯದು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಅಂದು ತಿಳಿದಿದ್ದ ಸಸ್ಯಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ, ಸಸ್ಯಗಳ ಆಯುಸ್ಸನ್ನು ಆಕಾಶಕಾಯಗಳ ಗುರುತುಗಳಿಂದ ಸೂಚಿಸಿದರು: ಒಂದು ವರ್ಷದ ಗಿಡಕ್ಕೆ ಸೂರ್ಯ, ಎರಡು ವರ್ಷದ್ದಕ್ಕೆ ಮಂಗಳ, ಮೆತ್ತನೆಯ ಕಾಂಡದ ಬಹುವಾರ್ಷಿಕಕ್ಕೆ ಗುರು, ಮರ ಮತ್ತು ಪೊದೆಗಳಿಗೆ ಶನಿ. ಮಂಗಳ ಸೂರ್ಯನನ್ನು ಸುತ್ತಲು 687 ದಿನ, ಅಂದರೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ, ಗುರು ಸುಮಾರು 12 ವರ್ಷ, ಶನಿ ಸುಮಾರು 29 ವರ್ಷ ತೆಗೆದುಕೊಳ್ಳುತ್ತವೆ ಎಂಬುದನ್ನು ನೆನೆದರೆ ಆ ಗುರುತುಗಳ ಔಚಿತ್ಯ ಅರಿವಾಗುತ್ತದೆ.

ನಡುವೆ ಬರುವ ದ್ವೈವಾರ್ಷಿಕಗಳನ್ನೂ ಮರೆಯಬಾರದು. ಕ್ಯಾರೆಟ್, ಈರುಳ್ಳಿ, ಎಲೆಕೋಸು ಇವೆಲ್ಲ ಮೊದಲ ವರ್ಷ ಆಹಾರವನ್ನು ಕೂಡಿಟ್ಟು, ಎರಡನೆಯ ವರ್ಷ ಅದನ್ನೆಲ್ಲ ಖರ್ಚು ಮಾಡಿ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಗಿಡಗಳು. ನಾವು ಕೂಡಿಟ್ಟದ್ದನ್ನೇ ಕಿತ್ತು ತಿನ್ನುವುದರಿಂದ ಅವುಗಳ ಎರಡನೆಯ ವರ್ಷವನ್ನು ನೋಡುವುದು ಅಪರೂಪ.

ಆದರೆ ಆಯುಸ್ಸನ್ನು ಎಣಿಸುವುದರಿಂದ ತೋಟದ ಕೆಲಸಕ್ಕೆ ಹೆಚ್ಚು ಸಹಾಯವಾಗುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಡೆನ್ಮಾರ್ಕಿನ ಸಸ್ಯವಿಜ್ಞಾನಿ ಕ್ರಿಸ್ಟೆನ್ ರೌಂಕಿಯರ್ 20ನೇ ಶತಮಾನದ ಆರಂಭದಲ್ಲಿ ಕೇಳಿದ ಪ್ರಶ್ನೆ. ಚಳಿಯೋ ಬರವೋ, ಗಿಡಕ್ಕೆ ಕಷ್ಟದ ಕಾಲ ಬಂದಾಗ ಅದು ತನ್ನ ಮುಂದಿನ ಬೆಳವಣಿಗೆಯ ಮೊಳಕೆಯನ್ನು ನೆಲದಿಂದ ಎಷ್ಟು ಎತ್ತರದಲ್ಲಿ, ಅಥವಾ ಎಷ್ಟು ಆಳದಲ್ಲಿ ಇಟ್ಟುಕೊಂಡಿರುತ್ತದೆ ಎಂದು ಅವರು ನೋಡಿದರು. ಕಬ್ಬಿನ ಗೆಣ್ಣಿನಲ್ಲಿ, ಆಲೂಗೆಡ್ಡೆಯ ಮೈಮೇಲೆ ಇರುವುದನ್ನು ನಾವು 'ಕಣ್ಣು' ಎನ್ನುತ್ತೇವಲ್ಲ, ಅದೇ ಈ ಮೊಳಕೆ. ಮರಗಳಲ್ಲಿ ಮತ್ತು ದೊಡ್ಡ ಪೊದೆಗಳಲ್ಲಿ ಕಣ್ಣು ನೆಲದಿಂದ 25 ಸೆಂಟಿಮೀಟರಿಗಿಂತ ಮೇಲೆ, ಕೊಂಬೆಗಳಲ್ಲಿರುತ್ತದೆ. ಲ್ಯಾವೆಂಡರಿನಂತಹ ಕುಳ್ಳ ಗಿಡಗಳಲ್ಲಿ ನೆಲಕ್ಕೆ ಹತ್ತಿರವಾಗಿ, ಆದರೆ ಕಾಂಡದ ಮೇಲೆಯೇ ಇರುತ್ತದೆ. ಹುಲ್ಲುಗಳಂತಹ ಅನೇಕ ಗಿಡಗಳಲ್ಲಿ ನೆಲದ ಮಟ್ಟದಲ್ಲಿ, ಒಣಗಿದ ಎಲೆಗಳ ಮರೆಯಲ್ಲಿ ಅಡಗಿರುತ್ತದೆ. ಸುಗಂಧರಾಜ, ಕ್ಯಾನಾ, ಶುಂಠಿ ಜಾತಿಯ ಗಿಡಗಳಲ್ಲಿ ಪೂರ್ತಿ ಮಣ್ಣಿನೊಳಗಿರುತ್ತದೆ. ಏಕವಾರ್ಷಿಕಗಳಲ್ಲಿ ಕಣ್ಣು ಉಳಿಯುವುದೇ ಇಲ್ಲ, ಬೀಜವಷ್ಟೇ ಉಳಿಯುತ್ತದೆ. ಯಾವ ಗಿಡವನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಆಳಕ್ಕೆ ನೆಡಬೇಕು, ಸತ್ತಿದೆಯೋ ಮಲಗಿದೆಯೋ ಎಂದು ಹೇಗೆ ತಿಳಿಯಬೇಕು ಎಂಬ ಮುಂದಿನ ಪ್ರಶ್ನೆಗಳಲ್ಲಿ ಹಲವಕ್ಕೆ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಪ್ರಶ್ನೆ: ಕುಂಡದಲ್ಲಿ ಬೆಳೆಸಿದ್ದ ಅಗ್ನಿಶಿಖೆಯ ಬಳ್ಳಿ ಹೂ ಮುಗಿದ ಮೇಲೆ ಹಳದಿಯಾಗಿ ಪೂರ್ತಿ ಒಣಗಿಹೋಯಿತು. ದಿನವೂ ನೀರು ಹಾಕಿದರೂ ಎರಡು ತಿಂಗಳಿಂದ ಚಿಗುರಿಲ್ಲ. ಗಿಡ ಸತ್ತಿದೆ ಎಂದು ಕುಂಡವನ್ನು ಖಾಲಿ ಮಾಡಬಹುದೇ?

ಉತ್ತರ: ದಯವಿಟ್ಟು ಇಂದೇ ನೀರು ನಿಲ್ಲಿಸಿ, ಕುಂಡವನ್ನು ಖಾಲಿ ಮಾಡುವ ಮೊದಲು ಒಮ್ಮೆ ಒಳಗೆ ನೋಡಿ. ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಬಳ್ಳಿ, ಪ್ರತಿವರ್ಷವೂ ಹೀಗೆಯೇ ನೆಲದ ಮೇಲಿನ ಭಾಗವನ್ನೆಲ್ಲ ಬಿಟ್ಟುಕೊಟ್ಟು ಮಣ್ಣಿನೊಳಗೆ ವಿಶ್ರಾಂತಿಗೆ ಹೋಗುವ ಸಸ್ಯ. ಆ ಹೊತ್ತಿನಲ್ಲಿ ಅದಕ್ಕೆ ಎಲೆಯಿಲ್ಲ, ಎಲೆಯಿಲ್ಲದ ಕಾರಣ ನೀರಿನ ಅಗತ್ಯವೂ ಇಲ್ಲ. ಹಾಕಿದ ನೀರು ಮಣ್ಣಿನಲ್ಲೇ ನಿಂತು ಗೆಡ್ಡೆಯನ್ನು ಕೊಳೆಸುತ್ತದೆ. ಮಲಗಿದ ಗಿಡಗಳು ಬಾಯಾರಿಕೆಯಿಂದ ಸತ್ತದ್ದಕ್ಕಿಂತ ಹೀಗೆ ಅಕ್ಕರೆಯಿಂದ ಹಾಕಿದ ನೀರಿನಿಂದ ಸತ್ತದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ.

ನೋಡುವ ಕ್ರಮ ಹೀಗಿರಲಿ. ಕೈಗವಸು ಹಾಕಿಕೊಳ್ಳಿ, ಏಕೆಂದರೆ ಈ ಗಿಡದ ಎಲ್ಲ ಭಾಗಗಳೂ, ವಿಶೇಷವಾಗಿ ಗೆಡ್ಡೆ, ಕಾಲ್ಚಿಸೀನ್ ಎಂಬ ವಿಷವಸ್ತುವನ್ನು ಹೊಂದಿವೆ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಿ. ಕುಂಡದ ಮಣ್ಣು ಒಣಗಿದ ಮೇಲೆ ಸಲಿಕೆ ಬಳಸದೆ ಬೆರಳಿನಿಂದಲೇ ನಿಧಾನವಾಗಿ ಬದಿಯಿಂದ ಮಣ್ಣನ್ನು ಸರಿಸುತ್ತಾ ಹೋಗಿ. ಮೊದಲು ಸಿಗುವುದು ಸುಕ್ಕುಗಟ್ಟಿ ಕಾಗದದಂತಾಗಿರುವ ಕಂದು ಸಿಪ್ಪೆ. ಅದು ಹೋದ ವರ್ಷದ ಗೆಡ್ಡೆ. ತನ್ನಲ್ಲಿದ್ದುದನ್ನೆಲ್ಲ ಬಳ್ಳಿಗೆ ಕೊಟ್ಟು ಬರಿದಾಗಿದೆ. ಅದನ್ನು ಕಂಡು ನಿರಾಶರಾಗಬೇಡಿ. ಅದರ ಪಕ್ಕದಲ್ಲೇ, ನೇಗಿಲಿನ ಹಾಗೆ ಬಾಗಿದ ಅಥವಾ ಕವಲೊಡೆದ, ಬೆರಳ ಗಾತ್ರದ ಹೊಸ ಗೆಡ್ಡೆ ಇರಬೇಕು. ಒತ್ತಿದರೆ ಅದು ಗಟ್ಟಿಯಾಗಿದ್ದು, ಕವಲಿನ ತುದಿಯಲ್ಲಿ ಮೊನಚಾದ ಮೊಳಕೆ ಕಂಡರೆ ಗಿಡ ಬದುಕಿದೆ ಎಂದರ್ಥ. ಕಣ್ಣು ಇರುವುದು ಆ ತುದಿಯಲ್ಲಿ ಮಾತ್ರ. ಅದು ಮುರಿದರೆ ಉಳಿದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ಚಿಗುರುವುದು ಕಷ್ಟ. ಸಲಿಕೆ ಬೇಡ ಎಂದು ಹೇಳಿದ್ದು ಇದಕ್ಕಾಗಿಯೇ. ಗೆಡ್ಡೆ ಮೆತ್ತಗಾಗಿ ದುರ್ವಾಸನೆ ಬರುತ್ತಿದ್ದರೆ ಮಾತ್ರ ಕೈಬಿಡಬೇಕು. ಗಟ್ಟಿ ಇದ್ದರೆ ಒಣ ಮಣ್ಣಿನಲ್ಲಿ ಅಡ್ಡಲಾಗಿ ಮಲಗಿಸಿ ಮುಚ್ಚಿ, ಹೊಸ ಚಿಗುರಿನ ಕಾಲ ಹತ್ತಿರವಾದಾಗ ಸ್ವಲ್ಪ ಸ್ವಲ್ಪವಾಗಿ ನೀರು ಕೊಡಲು ಆರಂಭಿಸಿ.

ಪ್ರಶ್ನೆ: ಮೆಣಸಿನ ಗಿಡ, ಬದನೆ, ನಿತ್ಯಪುಷ್ಪ ಇವು ಏಕವಾರ್ಷಿಕ ಎಂದು ಬೀಜದ ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ಮನೆಯ ಮೆಣಸಿನ ಗಿಡಕ್ಕೆ ಮೂರು ವರ್ಷವಾಯಿತು. ಯಾವುದು ಸರಿ?

ಉತ್ತರ: ನಿಮ್ಮ ಗಿಡವೇ ಸರಿ. ಮೆಣಸು, ಬದನೆ, ಟೊಮೇಟೊ, ನಿತ್ಯಪುಷ್ಪ ಇವೆಲ್ಲ ಸ್ವಭಾವದಿಂದ ಬಹುವಾರ್ಷಿಕಗಳು. ಹಿಮ ಬೀಳುವ ನಾಡುಗಳಲ್ಲಿ ಇವುಗಳ ಕಾಂಡದ ನೀರು ಹೆಪ್ಪುಗಟ್ಟಿ ಗಿಡ ಸಾಯುವುದರಿಂದ ಅಲ್ಲಿ ವರ್ಷಕ್ಕೊಮ್ಮೆ ಹೊಸದಾಗಿ ಬಿತ್ತುತ್ತಾರೆ. ಪೊಟ್ಟಣದ ಮೇಲಿನ ಪದ ಆ ಪದ್ಧತಿಯನ್ನು ಹೇಳುತ್ತದೆಯೇ ಹೊರತು ಗಿಡದ ಸ್ವಭಾವವನ್ನಲ್ಲ. ವಯಸ್ಸಾದಂತೆ ಇಳುವರಿ ಇಳಿಯುವುದರಿಂದ ಮತ್ತು ರೋಗಗಳು ಕೂಡಿಕೊಳ್ಳುವುದರಿಂದ ಬೆಚ್ಚನೆಯ ಕಡೆಯೂ ಬೆಳೆಗಾರರು ಹಳೆಯ ಗಿಡವನ್ನು ತೆಗೆಯುವುದುಂಟು. ನಿಮ್ಮ ಗಿಡದ ಎಲೆ ಮುರುಟದೆ ಆರೋಗ್ಯವಾಗಿದ್ದರೆ, ಕಾಯಿ ಮುಗಿದ ಮೇಲೆ ಕೊಂಬೆಗಳನ್ನು ಅರ್ಧದಷ್ಟು ಸವರಿ, ಬುಡಕ್ಕೆ ಕಾಂಪೋಸ್ಟ್ ಕೊಟ್ಟು ಮುಂದುವರಿಸಿ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಬ್ಬ ಓದುಗರು, ಭತ್ತದಂತಹ ಧಾನ್ಯಗಳನ್ನು ಬಹುವಾರ್ಷಿಕವಾಗಿ ಬೆಳೆಯಲು ಸಾಧ್ಯವಿಲ್ಲವೇ ಎಂದು ಕೇಳಿದ್ದಾರೆ. ಸಾಧ್ಯವಾಗಿದೆ. ಚೀನಾದ ಯುನ್ನಾನ್ ವಿಶ್ವವಿದ್ಯಾಲಯದ ತಂಡ, ನಾವು ಬೆಳೆಯುವ ಭತ್ತವನ್ನು ಮಣ್ಣಿನೊಳಗೆ ಕಾಂಡ ಹರಡುವ ಆಫ್ರಿಕಾದ ಒಂದು ಕಾಡುಭತ್ತದೊಂದಿಗೆ ಸಂಕರಗೊಳಿಸಿ ಪಡೆದ ಪಿಆರ್23 ಎಂಬ ತಳಿಯನ್ನು 2018ರಲ್ಲಿ ರೈತರಿಗೆ ಬಿಡುಗಡೆ ಮಾಡಿತು. ಒಮ್ಮೆ ನಾಟಿ ಮಾಡಿದ ಗದ್ದೆಯಿಂದ 4 ವರ್ಷಗಳಲ್ಲಿ 8 ಕೊಯ್ಲು ಸಿಕ್ಕಿತು. ಸರಾಸರಿ ಇಳುವರಿ ಹೆಕ್ಟೇರಿಗೆ 6.8 ಟನ್, ಅಂದರೆ ಪ್ರತಿಸಲ ನಾಟಿ ಮಾಡಿದ ಭತ್ತದ 6.7 ಟನ್ನಿಗೆ ಸಮಾನ. ಐದನೆಯ ವರ್ಷಕ್ಕೆ ಇಳುವರಿ ಕುಸಿಯುವುದರಿಂದ ಆಗ ಮತ್ತೆ ನೆಡಬೇಕಾಗುತ್ತದೆ. ಕಬ್ಬಿನಲ್ಲಿ ಕೂಳೆ ಬೆಳೆಯನ್ನು ಬಲ್ಲವರಿಗೆ ಇದರ ಹಿಂದಿನ ತತ್ತ್ವ ಹೊಸದಲ್ಲ: ಕೊಯ್ದ ಮೇಲೂ ಬುಡದಲ್ಲಿ ಕಣ್ಣು ಉಳಿದಿರಬೇಕು, ಅದನ್ನು ಚಿಗುರಿಸುವಷ್ಟು ಆಹಾರವೂ ಅಲ್ಲಿ ಉಳಿದಿರಬೇಕು.

ಪ್ರಶ್ನೆ: ಕ್ಯಾನಾ ಗಿಡವನ್ನು ಬುಡದವರೆಗೆ ಕತ್ತರಿಸಿದಾಗ ಚೆನ್ನಾಗಿ ಚಿಗುರಿತು. ಅದೇ ಧೈರ್ಯದಿಂದ ಲ್ಯಾವೆಂಡರನ್ನೂ ರೋಸ್‌ಮೇರಿಯನ್ನೂ ಬುಡಕ್ಕೆ ಕತ್ತರಿಸಿದೆ. ಎರಡೂ ಸತ್ತವು. ನಾನು ಮಾಡಿದ ತಪ್ಪೇನು?

ಉತ್ತರ: ಎರಡರಲ್ಲೂ ಕತ್ತರಿಯ ಕೆಲಸ ಒಂದೇ ಆಗಿದ್ದರೂ, ಕಣ್ಣಿನ ಜಾಗ ಒಂದೇ ಆಗಿರಲಿಲ್ಲ. ಕ್ಯಾನಾದ ನಿಜವಾದ ಕಾಂಡ ಮಣ್ಣಿನೊಳಗೆ ಅಡ್ಡಲಾಗಿ ಮಲಗಿರುತ್ತದೆ. ನಾವು ಹೊರಗೆ ನೋಡುವ ಒಂದೊಂದು ಕೋಲೂ ಒಮ್ಮೆ ಹೂಗೊಂಚಲು ಕೊಟ್ಟು ಮುಗಿಯುವಂಥದ್ದು. ಅದನ್ನು ನೆಲಮಟ್ಟಕ್ಕೆ ತೆಗೆದಾಗ ಮಣ್ಣಿನೊಳಗಿನ ಕಣ್ಣುಗಳಿಗೆ ಯಾವ ಹಾನಿಯೂ ಆಗುವುದಿಲ್ಲ, ಹೊಸ ಕೋಲಿಗೆ ಬೆಳಕು ಮತ್ತು ಜಾಗ ಸಿಗುತ್ತದೆ. ಲ್ಯಾವೆಂಡರಿನಲ್ಲಿ ಮತ್ತು ರೋಸ್‌ಮೇರಿಯಲ್ಲಿ ಚಿಗುರಬಲ್ಲ ಕಣ್ಣುಗಳು ಹಸಿರು ಎಲೆಗಳಿರುವ ಎಳೆಯ ಭಾಗದಲ್ಲಿರುತ್ತವೆ. ಅದರ ಕೆಳಗಿನ ಬರಿದಾದ ಕಂದು ಕಟ್ಟಿಗೆಯಲ್ಲಿ ಚಿಗುರುವ ಶಕ್ತಿ ಬಹುತೇಕ ಉಳಿದಿರುವುದಿಲ್ಲ. ನೀವು ಎಲೆಗಳ ಜೊತೆಗೆ ಕಣ್ಣುಗಳನ್ನೂ ಪೂರ್ತಿಯಾಗಿ ತೆಗೆದುಬಿಟ್ಟಿರಿ.

ಇಂತಹ ಗಿಡಗಳನ್ನು ಹೂ ಮುಗಿದೊಡನೆ ಪ್ರತಿವರ್ಷವೂ ಸ್ವಲ್ಪ ಸ್ವಲ್ಪ ಸವರಬೇಕು, ಮತ್ತು ಪ್ರತಿ ಕೊಂಬೆಯಲ್ಲೂ ಎರಡು ಮೂರು ಬೆರಳಿನಷ್ಟು ಎತ್ತರದ ಹಸಿರು ಭಾಗವನ್ನು ಉಳಿಸಿ ಅಲ್ಲಿಗೇ ನಿಲ್ಲಬೇಕು. ವರ್ಷಗಟ್ಟಲೆ ಸವರದೆ ಬಿಟ್ಟು, ಬುಡ ಬೋಳಾದ ಮೇಲೆ ಒಂದೇ ಸಲಕ್ಕೆ ಸರಿಪಡಿಸಲು ಬರುವುದಿಲ್ಲ. ಆಗ ತುದಿಯ ಕಡ್ಡಿಗಳನ್ನು ನೆಟ್ಟು ಹೊಸ ಗಿಡ ಮಾಡಿಕೊಳ್ಳುವುದೇ ಸರಿಯಾದ ದಾರಿ. ಪರಿಚಯವಿಲ್ಲದ ಯಾವುದೇ ಗಿಡವನ್ನು ಸವರುವ ಮೊದಲು ಬುಡದ ಬಳಿ ಮಂಡಿಯೂರಿ ಕುಳಿತು, ಕಾಂಡದ ಕೆಳಭಾಗದಲ್ಲೋ ಮಣ್ಣಿನ ಅಂಚಿನಲ್ಲೋ ಎಳೆಯ ಕುಡಿಗಳು ಹೊರಡುತ್ತಿವೆಯೇ ಎಂದು ನೋಡಿಕೊಳ್ಳಿ. ಅಲ್ಲಿ ಏನೂ ಕಾಣದಿದ್ದರೆ ಅಷ್ಟು ಕೆಳಕ್ಕೆ ಕತ್ತರಿ ಹಾಕಬೇಡಿ.

ಪ್ರಶ್ನೆ: ಮೂರು ವರ್ಷದ ಹಿಂದೆ ನೆಟ್ಟ ಸೇವಂತಿಗೆ ಮೊದಲ ವರ್ಷ ತುಂಬ ಹೂ ಬಿಟ್ಟಿತು. ಈಗ ಬುಡದ ನಡುಭಾಗ ಬೋಳಾಗಿದೆ, ಹೂ ಚಿಕ್ಕದಾಗಿದೆ, ಗಿಡ ಒಂದು ಕಡೆಗೆ ವಾಲುತ್ತದೆ. ಗೊಬ್ಬರ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಗೊಬ್ಬರದಿಂದ ಇದು ಸರಿಹೋಗುವುದಿಲ್ಲ, ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಗಿಡ ಇನ್ನಷ್ಟು ವಾಲುತ್ತದೆ. ನಿಮ್ಮ ಗಿಡ ಬೇಡುತ್ತಿರುವುದು ಬೇರ್ಪಡಿಸುವಿಕೆಯನ್ನು.

ಸೇವಂತಿಗೆಯಂತಹ ಗಿಡ ಹೊರಮುಖವಾಗಿ ಬೆಳೆಯುತ್ತದೆ. ಹಳೆಯ ಕಾಂಡದ ಬುಡದಿಂದ ಮಣ್ಣಿನ ಕೆಳಗೆ ತುಸು ದೂರ ಸಾಗಿ, ಹೊರಗೆ ಇಣುಕುವ ಮರಿಗಳೇ ಮುಂದಿನ ವರ್ಷದ ಗಿಡಗಳು. ವರ್ಷವರ್ಷವೂ ಮರಿಗಳು ಹೊರಕ್ಕೆ ಸರಿದಂತೆ ನಡುವಿನ ಹಳೆಯ ಬುಡ ಕಟ್ಟಿಗೆಯಂತಾಗಿ, ಅಲ್ಲಿನ ಕಣ್ಣುಗಳೂ ಮುಗಿದು, ಬೇರುಗಳು ಮಣ್ಣಿನ ಸಾರವನ್ನೂ ತೀರಿಸಿರುತ್ತವೆ. ನೀವು ನೋಡುತ್ತಿರುವ ಬೋಳು ರೋಗವಲ್ಲ, ಗಿಡದ ವಯಸ್ಸು. ಗುಂಪಾಗಿ ಬೆಳೆಯುವ ಬಹುವಾರ್ಷಿಕಗಳಲ್ಲಿ ಹಲವಕ್ಕೆ ಮೂರು ನಾಲ್ಕು ವರ್ಷಕ್ಕೊಮ್ಮೆ ಈ ಸ್ಥಿತಿ ಬರುತ್ತದೆ. ಸೇವಂತಿಗೆಗೆ ಇನ್ನೂ ಬೇಗ ಬರುವುದರಿಂದ ನಾನು ಅದನ್ನು ಪ್ರತಿವರ್ಷವೂ ಹೊಸ ಮರಿಗಳಿಂದಲೇ ಬೆಳೆಸುತ್ತೇನೆ.

ಹೂ ಮುಗಿದ ಮೇಲೆ ಕಾಂಡಗಳನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಕತ್ತರಿಸಿ. ಕೆಲವು ವಾರಗಳಲ್ಲಿ ಸುತ್ತಲೂ ಮರಿಗಳು ಕಾಣಿಸಿಕೊಳ್ಳುತ್ತವೆ. ಅವು ನಾಲ್ಕೈದು ಎಲೆ ಬಿಟ್ಟಾಗ, ಹಿಂದಿನ ದಿನವೇ ನೀರು ಕೊಟ್ಟು, ಇಡೀ ಬುಡವನ್ನು ಗುದ್ದಲಿಯಿಂದ ಅಗಲವಾಗಿ ಎತ್ತಿ ತೆಗೆಯಿರಿ. ಮಣ್ಣನ್ನು ಕೊಡವಿ ಬೆಳಕಿಗೆ ಹಿಡಿದರೆ ಯಾವುದು ಬೇಕು, ಯಾವುದು ಬೇಡ ಎಂಬುದು ತಾನಾಗಿ ಕಾಣುತ್ತದೆ: ನಡುವೆ ಕಪ್ಪಾಗಿ ಗಂಟುಗಂಟಾದ ಭಾಗ, ಅಂಚಿನಲ್ಲಿ ಬಿಳಿಯ ಹೊಸ ಬೇರುಗಳ ಸಹಿತ ನಿಂತ ಹಸಿರು ಮರಿಗಳು. ಮರಿಗಳನ್ನು ಬೇರಿನ ಸಮೇತ ಬಿಡಿಸಿಕೊಂಡು, ನಡುಭಾಗವನ್ನು ತೆಗೆದುಹಾಕಿ. ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಮರಿಗಳನ್ನು ಒಂದೊಂದು ಗೇಣು ಅಂತರದಲ್ಲಿ ಮೊದಲಿದ್ದ ಆಳಕ್ಕೇ ನೆಟ್ಟು, ಬೇರು ಹಿಡಿಯುವವರೆಗೆ ಬಿಸಿಲಿಗೆ ಮರೆ ಕಟ್ಟಿ. ಗಿಡ ಒಂದು ಗೇಣು ಬೆಳೆದಾಗ ತುದಿಯನ್ನು ಚಿವುಟಿದರೆ ಪಕ್ಕದ ಕಣ್ಣುಗಳು ಒಡೆದು ಗಿಡ ಗುಂಪಾಗುತ್ತದೆ. ಇನ್ನೊಂದೆರಡು ಬಾರಿ ಚಿವುಟಬಹುದು, ಆದರೆ ಮೊಗ್ಗಿನ ಸುಳಿವು ಕಾಣುವುದಕ್ಕೆ ಸಾಕಷ್ಟು ಮೊದಲೇ ನಿಲ್ಲಿಸಬೇಕು.

ಇನ್ನೊಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಬೇಕೆನಿಸುತ್ತದೆ. ಸೇವಂತಿಗೆ ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ಅದರ ಹತ್ತಿರ ಇರುಳೆಲ್ಲ ಉರಿಯುವ ದೀಪವಿದ್ದರೆ, ಗಿಡಕ್ಕೆ ಆ ಕತ್ತಲು ದೊರೆಯದೆ, ಆರೈಕೆಯೆಲ್ಲ ಸರಿಯಾಗಿದ್ದರೂ ಹೂ ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಹೊಸ ಜಾಗವನ್ನು ಆರಿಸುವಾಗ ಹಗಲಿನ ಬಿಸಿಲಿನ ಜೊತೆಗೆ ರಾತ್ರಿಯ ಕತ್ತಲನ್ನೂ ನೋಡಿಕೊಳ್ಳಿ.

ಪ್ರಶ್ನೆ: ಡೇಲಿಯಾದ ಒಂದು ಗೊಂಚಲಿನಲ್ಲಿ ಎಂಟು ಗೆಡ್ಡೆಗಳಿದ್ದವು. ಬಿಡಿಬಿಡಿಯಾಗಿ ಮುರಿದು ನೆಟ್ಟೆ. ಎರಡು ಮಾತ್ರ ಚಿಗುರಿದವು. ಉಳಿದವನ್ನು ಅಗೆದು ನೋಡಿದರೆ ಕೊಳೆತಿರಲಿಲ್ಲ, ಬೇರು ಕೂಡ ಬಿಟ್ಟಿದ್ದವು. ಹೀಗೇಕಾಯಿತು?

ಉತ್ತರ: ನೀವು ಅಗೆದು ನೋಡಿ ಬರೆದದ್ದರಿಂದ ಕಾರಣ ಸ್ಪಷ್ಟವಾಗಿದೆ. ಆ ಆರು ಗೆಡ್ಡೆಗಳಿಗೆ ಕಣ್ಣಿರಲಿಲ್ಲ.

ಆಲೂಗೆಡ್ಡೆ ಮಣ್ಣಿನೊಳಗೆ ಉಬ್ಬಿದ ಕಾಂಡ, ಆದ್ದರಿಂದ ಅದರ ಮೈಮೇಲೆಲ್ಲ ಕಣ್ಣುಗಳಿರುತ್ತವೆ. ಯಾವ ತುಂಡಿನಲ್ಲಿ ಕಣ್ಣಿದೆಯೋ ಅದು ಗಿಡವಾಗುತ್ತದೆ. ಡೇಲಿಯಾದ ಗೆಡ್ಡೆ ಉಬ್ಬಿದ ಬೇರು. ಅದು ಉಗ್ರಾಣವೇ ಹೊರತು ಅದರ ಮೈಮೇಲೆ ಕಣ್ಣಿರುವುದಿಲ್ಲ. ಕಣ್ಣುಗಳಿರುವುದು ಹಳೆಯ ಕಾಂಡದ ಬುಡದಲ್ಲಿ, ಎಲ್ಲ ಗೆಡ್ಡೆಗಳೂ ಬಂದು ಸೇರುವ ಕೊರಳಿನ ಸುತ್ತ. (ಉಬ್ಬಿದ ಬೇರುಗಳೆಲ್ಲ ಹೀಗೆಯೇ ಎನ್ನಲಾಗದು, ಸಿಹಿಗೆಣಸು ಕೂಡ ಬೇರೇ, ಆದರೆ ಅದು ಹೊಸದಾಗಿ ಕಣ್ಣುಗಳನ್ನು ಹುಟ್ಟಿಸಿಕೊಂಡು ಮೈಯೆಲ್ಲ ಚಿಗುರುತ್ತದೆ.) ನೀವು ಗೆಡ್ಡೆಗಳನ್ನು ಮುರಿದಾಗ ಎರಡರ ಜೊತೆಗೆ ಮಾತ್ರ ಕೊರಳಿನ ಚೂರು ಬಂದಿದೆ. ಉಳಿದವು ತಮ್ಮಲ್ಲಿದ್ದ ಆಹಾರದಿಂದ ಬೇರು ಬಿಟ್ಟವು, ಚಿಗುರು ಕೊಡಲು ಅವುಗಳಲ್ಲಿ ಏನೂ ಇರಲಿಲ್ಲ.

ಮುಂದಿನ ಬಾರಿ ಗೊಂಚಲನ್ನು ಅವಸರದಲ್ಲಿ ಮುರಿಯಬೇಡಿ. ವಿಶ್ರಾಂತಿಯ ಕಾಲ ಮುಗಿಯುತ್ತಾ ಬಂದಾಗ ಇಡೀ ಗೊಂಚಲನ್ನು ತುಸುವೇ ತೇವವಿರುವ ಮರಳಿನ ಮೇಲೆ, ಬೆಚ್ಚಗಿನ ಜಾಗದಲ್ಲಿ ಒಂದೆರಡು ವಾರ ಇಡಿ. ಕೊರಳಿನ ಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ, ನಸುಗೆಂಪು ಅಥವಾ ಹಸಿರು ಬಣ್ಣದ ಗುಬುಟುಗಳು ಏಳುತ್ತವೆ. ಬರಿಗಣ್ಣಿಗೆ ಕಾಣದಿದ್ದರೆ ಬೆರಳನ್ನು ಮೆಲ್ಲಗೆ ಸವರಿದಾಗ ತಾಕುತ್ತವೆ. ಆಗ ಹರಿತವಾದ ಶುಚಿಯಾದ ಚಾಕುವಿನಿಂದ, ಪ್ರತಿ ಗೆಡ್ಡೆಗೂ ಕನಿಷ್ಠ ಒಂದು ಗುಬುಟು ಇರುವ ಕೊರಳಿನ ಚೂರು ಸೇರುವಂತೆ ಕತ್ತರಿಸಿ. ಕತ್ತು ಮುರಿದ ಗೆಡ್ಡೆಯನ್ನು, ನೋಡಲು ಎಷ್ಟೇ ಚೆನ್ನಾಗಿದ್ದರೂ, ಇಟ್ಟುಕೊಳ್ಳಬೇಡಿ. ಕತ್ತರಿಸಿದ ಗಾಯ ಒಂದು ದಿನ ಒಣಗಲಿ. ಬಳಿಕ 10ರಿಂದ 15 ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ನೆಟ್ಟು, ಚಿಗುರು ಮೇಲೆ ಬರುವವರೆಗೆ ನೀರನ್ನು ಹಿಡಿತದಲ್ಲಿಡಿ. ಎಂಟು ಗೆಡ್ಡೆಯ ಗೊಂಚಲಿನಿಂದ ಎಂಟು ಗಿಡ ಸಿಗದೆ ನಾಲ್ಕೇ ಸಿಕ್ಕರೂ ಅದು ಒಳ್ಳೆಯ ಫಲಿತಾಂಶವೇ.

ಪ್ರಶ್ನೆ: ಸುಗಂಧರಾಜ ಮತ್ತು ಲಿಲಿಗಳ ಹೂ ಮುಗಿದ ಮೇಲೆ ಉಳಿಯುವ ಎಲೆಗಳು ನೋಡಲು ಚೆನ್ನಾಗಿರುವುದಿಲ್ಲ. ಕತ್ತರಿಸಿಬಿಡಬಹುದೇ?

ಉತ್ತರ: ಒಣಗಿದ ಹೂದಂಡನ್ನು ಕತ್ತರಿಸಿ, ಹಸಿರೆಲೆಯನ್ನು ಮುಟ್ಟಬೇಡಿ. ಒಂದು ಈರುಳ್ಳಿಯನ್ನು ಉದ್ದಕ್ಕೆ ಸೀಳಿ ನೋಡಿದರೆ ಕಾರಣ ತಿಳಿಯುತ್ತದೆ. ತಳದಲ್ಲಿ ಬಿಲ್ಲೆಯಂತೆ ಗಟ್ಟಿಯಾಗಿರುವುದು ಕಾಂಡ. ಅದರ ಮೇಲೆ ಒಂದರೊಳಗೊಂದು ಸೇರಿರುವ ರಸಭರಿತ ಪದರಗಳು ಎಲೆಗಳ ಬುಡ. ಎಲ್ಲಕ್ಕೂ ನಡುವೆ ಬೆಚ್ಚಗೆ ಕುಳಿತಿರುವ ಹಸಿರು ಮೊನೆಯೇ ಮುಂದಿನ ಚಿಗುರು. ಲಿಲಿಗಳಲ್ಲಿಯೂ ಸುಗಂಧರಾಜದಲ್ಲಿಯೂ ಇದೇ ಬಗೆಯ ರಚನೆಯಿದೆ. ಹೂ ಬಿಡುವಾಗ ಬರಿದಾದ ಆ ಪದರಗಳನ್ನು ಮತ್ತೆ ತುಂಬುವುದು ಹೂ ಮುಗಿದ ಮೇಲೆ ಉಳಿಯುವ ಎಲೆಗಳ ಕೆಲಸ. ಎಲೆ ತಾನಾಗಿ ಹಳದಿಯಾಗುವಾಗ ಕೂಡ ಅದರಲ್ಲಿದ್ದ ಸಾರಜನಕದ ಸುಮಾರು ಅರ್ಧದಷ್ಟನ್ನು ಗಿಡ ಹಿಂದಕ್ಕೆ ಪಡೆದುಕೊಂಡಿರುತ್ತದೆ. ಹಸಿರಾಗಿರುವಾಗಲೇ ಕತ್ತರಿಸಿದರೆ, ಅಥವಾ ಅಂದಕ್ಕಾಗಿ ಎಲೆಗಳನ್ನು ಜಡೆ ಹೆಣೆದು ಕಟ್ಟಿ ಬೆಳಕು ತಪ್ಪಿಸಿದರೆ, ಮರುವರ್ಷ ಎಲೆ ಮಾತ್ರ ಬರುತ್ತದೆ, ಹೂ ಬರುವುದಿಲ್ಲ.

ಸುಗಂಧರಾಜದ ವಿಷಯದಲ್ಲಿ ಇನ್ನೊಂದು ಮಾತು. ಒಮ್ಮೆ ಹೂ ಕೊಟ್ಟ ಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ. ಅದರ ಸುತ್ತ ಹುಟ್ಟುವ ಮರಿಗೆಡ್ಡೆಗಳು ಬಲಿತು ಹೂ ಕೊಡುತ್ತವೆ. ಬಹಳ ಚಿಕ್ಕ ಮರಿಗಳಿಗೆ ಒಂದೆರಡು ವರ್ಷ ಬೇಕಾಗುತ್ತದೆ. ಎಲೆಯಷ್ಟೇ ಕಂಡರೆ ಕಿತ್ತುಹಾಕದೆ ಕಾಯಿರಿ.

ಪ್ರಶ್ನೆ: ಹತ್ತಾರು ವರ್ಷ ಚೆನ್ನಾಗಿದ್ದ ಭೂತಾಳೆ ಈ ವರ್ಷ ಮರದಷ್ಟು ಎತ್ತರದ ಹೂದಂಡು ಎತ್ತಿ, ಬಳಿಕ ಒಣಗಿ ಸತ್ತಿತು. ಬಹುವಾರ್ಷಿಕ ಗಿಡ ಹೂ ಬಿಟ್ಟರೆ ಸಾಯುತ್ತದೆಯೇ? ದಂಡನ್ನು ಮೊದಲೇ ಕತ್ತರಿಸಿದ್ದರೆ ಉಳಿಯುತ್ತಿತ್ತೇ?

ಉತ್ತರ: ಉಳಿಯುತ್ತಿರಲಿಲ್ಲ, ಆದ್ದರಿಂದ ಆ ಕೊರಗು ಬೇಡ. ಬಹುವಾರ್ಷಿಕಗಳಲ್ಲೇ ಕೆಲವು ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಡುವಂಥವು. ಭೂತಾಳೆ ಸಾಮಾನ್ಯವಾಗಿ 10ರಿಂದ 30 ವರ್ಷ ಆಹಾರ ಕೂಡಿಟ್ಟು ಒಮ್ಮೆಗೇ ಹೂ ಬಿಡುತ್ತದೆ. ಕೆಲವು ಬಿದಿರುಗಳೂ ದಶಕಗಳ ಬಳಿಕ ಹೂ ಬಿಟ್ಟು ಒಣಗುತ್ತವೆ. ಬಾಳೆಯನ್ನು ನೋಡಿದವರಿಗೆ ಇದರ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಬಾಳೆಯ ದಿಂಡಿನೊಳಗೆ ಬೆಳೆಯುವ ಕುಡಿ ಬುಡದಲ್ಲಿ ಒಂದೇ. ಎಲೆಗಳನ್ನು ಕೊಡುತ್ತಿದ್ದ ಆ ಕುಡಿಯೇ ಕೊನೆಗೆ ಹೂವಾಗಿ ಮಾರ್ಪಟ್ಟು, ದಿಂಡಿನ ನಡುವಿನಿಂದ ಮೇಲೇರಿ ಹೊರಬರುತ್ತದೆ. ಕುಡಿಯೇ ಹೂವಾದ ಮೇಲೆ ಹೊಸ ಎಲೆ ಕೊಡಲು ಆ ದಿಂಡಿನಲ್ಲಿ ಬೇರೆ ಕುಡಿ ಇರುವುದಿಲ್ಲ. ಭೂತಾಳೆಯಲ್ಲೂ ಆಗುವುದು ಇದೇ. ಎರಡರಲ್ಲೂ ಸಂತತಿ ಉಳಿಯುವುದು ಬುಡದಿಂದ ಏಳುವ ಕಂದುಗಳಿಂದ. ಒಣಗಿದ ತಾಯಿಯ ಸುತ್ತ ಹುಡುಕಿ, ಒಂದೆರಡು ಮರಿಗಳಾದರೂ ಸಿಗುತ್ತವೆ. ಅವು ಅದೇ ಗಿಡದ ಮುಂದುವರಿಕೆ. ಎಲೆಯ ತುದಿಯ ಮುಳ್ಳಿನಿಂದಲೂ, ಚರ್ಮಕ್ಕೆ ಉರಿ ತರುವ ರಸದಿಂದಲೂ ಕೈ ಮತ್ತು ಕಣ್ಣುಗಳನ್ನು ಕಾಪಾಡಿಕೊಂಡು ತೆಗೆಯಿರಿ.

ಪ್ರಶ್ನೆ: ಹೂವಿನ ಮಡಿಯಲ್ಲಿ ಜೇಕು ತುಂಬಿಕೊಂಡಿದೆ. ಒಂದು ಬಾರಿ ಚೆನ್ನಾಗಿ ಅಗೆದು ತೆಗೆದೆ. ಮೊದಲಿಗಿಂತ ಹೆಚ್ಚಾಗಿ ಬಂತು.

ಉತ್ತರ: ಜೇಕು ಕೂಡ ಬಹುವಾರ್ಷಿಕವೇ, ಮತ್ತು ಕಣ್ಣನ್ನು ಕಾಪಾಡಿಕೊಳ್ಳುವುದರಲ್ಲಿ ನಾವು ನೆಟ್ಟ ಎಲ್ಲ ಹೂಗಿಡಗಳಿಗಿಂತ ನಿಪುಣ. ಮಣ್ಣಿನೊಳಗೆ ಅದರ ಗೆಡ್ಡೆಗಳು ತಂತಿಯಂತಹ ಕಾಂಡದಿಂದ ಮಣಿಸರದ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿರುವಾಗ ಒಂದು ಗೆಡ್ಡೆಯ ಚಿಗುರು ಉಳಿದವನ್ನು ಅದುಮಿ ಮಲಗಿಸಿರುತ್ತದೆ. ನೀವು ಅಗೆದಾಗ ಸರ ತುಂಡಾಗಿ, ಮಲಗಿದ್ದ ಒಂದೊಂದು ಗೆಡ್ಡೆಯೂ ಸ್ವತಂತ್ರವಾಗಿ ಚಿಗುರಿತು.

ಗೆಡ್ಡೆಗಳಲ್ಲಿ ಹೆಚ್ಚಿನವು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ, ಮತ್ತು ಬಿಸಿಲಿಗೆ ಬಿದ್ದು ಪೂರ್ತಿ ಒಣಗಿದ ಗೆಡ್ಡೆ ಸಾಯುತ್ತದೆ. ಆದ್ದರಿಂದ ಮಡಿ ಖಾಲಿಯಿರುವ ಬಿರುಬೇಸಿಗೆಯಲ್ಲಿ ಅಗೆದು, ಹೆಂಟೆ ಒಡೆದು, ಮಣ್ಣನ್ನು ಒಣಗಲು ಬಿಡಿ, ತೇವವಿರುವಾಗ ಅಗೆಯಬೇಡಿ. ಗಿಡಗಳಿರುವ ಮಡಿಯಲ್ಲಾದರೆ ಎರಡು ವಾರಕ್ಕೊಮ್ಮೆ ಬಿಡದೆ ಚಿಗುರನ್ನು ತೆಗೆಯುತ್ತಿರಿ. ಹೊಸ ಗೆಡ್ಡೆ ಕಟ್ಟುವಷ್ಟು ಕಾಲ ಎಲೆಗೆ ಬೆಳಕು ಸಿಗದಿದ್ದರೆ, ಹಳೆಯ ಗೆಡ್ಡೆ ಕೂಡಿಟ್ಟದ್ದನ್ನು ಖರ್ಚು ಮಾಡುತ್ತಾ ಬಡವಾಗುತ್ತದೆ. ಜೇಕು ನೆರಳನ್ನು ಸಹಿಸುವುದಿಲ್ಲ, ಹಾಗಾಗಿ ಹೂಗಿಡಗಳನ್ನು ಒತ್ತಾಗಿ ಬೆಳೆಸುವುದೂ ಸಹಾಯಕ. ಒಂದು ವರ್ಷದಲ್ಲಿ ಇದು ಮುಗಿಯುವ ಕೆಲಸವಲ್ಲ. ಎಲೆಯ ಹೊದಿಕೆ ಹಾಸಿದರೆ ಸಾಕೇ ಎಂದು ಕೆಲವರು ಕೇಳುತ್ತಾರೆ; ಸಾಲದು, ಅದರ ಮೊನಚಾದ ಚಿಗುರು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಮೇಲೆ ಬರಬಲ್ಲದು.

ಪ್ರಶ್ನೆ: ಹೋದ ವರ್ಷ ನೆಟ್ಟ ಹಲವು ಬಹುವಾರ್ಷಿಕಗಳು ಒಂದು ಹೂವನ್ನೂ ಕೊಡಲಿಲ್ಲ. ಕೆಲವಂತೂ ನೆಲದ ಮೇಲೆ ಕಾಣಿಸುತ್ತಲೇ ಇಲ್ಲ. ತೆಗೆದು ಬೇರೆ ನೆಡಲೇ?

ಉತ್ತರ: ತೆಗೆಯಬೇಡಿ. ಏಕವಾರ್ಷಿಕ ಗಿಡಕ್ಕೆ ಒಂದೇ ಅವಕಾಶವಿರುವುದರಿಂದ ಅದು ಎಲ್ಲವನ್ನೂ ಹೂವಿಗೆ ಹಾಕುತ್ತದೆ. ಬಹುವಾರ್ಷಿಕ ಮೊದಲು ಬೇರಿಗೆ ಹಾಕುತ್ತದೆ. ಮೊದಲ ವರ್ಷ ಮೇಲೆ ಏನೂ ಆಗದಂತೆ ಕಂಡು, ಎರಡನೆಯ ವರ್ಷ ತುಸು ಹರಡಿ, ಮೂರನೆಯ ವರ್ಷ ಗಿಡ ತನ್ನ ನಿಜವಾದ ಗಾತ್ರಕ್ಕೆ ಬರುವುದು ಸಾಮಾನ್ಯ. ಈ ಅವಧಿಯಲ್ಲಿ ಜಾಗ ಬದಲಿಸುತ್ತಾ ಹೋದರೆ ಪ್ರತಿಬಾರಿಯೂ ಲೆಕ್ಕ ಮೊದಲಿನಿಂದ ಆರಂಭವಾಗುತ್ತದೆ.

ಕಾಣಿಸದ ಗಿಡಗಳ ಬಗ್ಗೆ ನನ್ನದೇ ಒಂದು ನೋವಿನ ಅನುಭವವಿದೆ. ಎಲೆ ಒಣಗಿ ಮರೆಯಾಗಿದ್ದ ಲಿಲಿಗಳ ಮಡಿಯನ್ನು ಖಾಲಿ ಎಂದುಕೊಂಡು, ಬೇರೆ ಸಸಿಗಳನ್ನು ನೆಡಲು ಸಲಿಕೆ ಹಾಕಿದೆ. ಮೂರನೆಯ ಏಟಿಗೆ ಬಿಳಿಯ ಹೋಳುಗಳು ಮಣ್ಣಿನೊಂದಿಗೆ ಮೇಲೆ ಬಂದವು. ಒಂದು ಗೆಡ್ಡೆಯ ನಡುವೆ, ಅದಾಗಲೇ ರೂಪುಗೊಂಡಿದ್ದ ಹಸಿರು ಮೊನೆ ಎರಡಾಗಿ ಸೀಳಿತ್ತು. ಆಮೇಲೆ ನಾನು ಎಲೆಗಳು ಇನ್ನೂ ಹಸಿರಾಗಿರುವಾಗಲೇ ಗಿಡದ ಒಂದು ಬದಿಗೆ, ಬೇರು ತಪ್ಪಿಸಿ, ಗಟ್ಟಿಯಾದ ಕಡ್ಡಿಯೊಂದನ್ನು ನೆಟ್ಟು ಅದರ ಮೇಲೆ ಹೆಸರು, ನೆಟ್ಟ ತಾರೀಖು ಮತ್ತು ಗೆಡ್ಡೆ ಇರುವ ಆಳವನ್ನು ಬರೆಯುತ್ತೇನೆ. ಪೆನ್ನಿನ ಬರಹ ಒಂದೇ ಮಳೆಗಾಲಕ್ಕೆ ಅಳಿಸುತ್ತದೆ, ಪೆನ್ಸಿಲ್ಲಿನ ಬರಹ ಹೆಚ್ಚು ಕಾಲ ಉಳಿಯುತ್ತದೆ. ನಿಮ್ಮ ಮಡಿಯಲ್ಲೂ ಈಗಲೇ, ಯಾವುದು ಎಲ್ಲಿತ್ತು ಎಂಬುದು ಇನ್ನೂ ನೆನಪಿರುವಾಗಲೇ, ಕಡ್ಡಿಗಳನ್ನು ನೆಟ್ಟುಬಿಡಿ.